ಆಟಿಸಂ ಹಾಗೇ ಇದೆ, ನೋವು ಹೋಗಿದೆ: ನನ್ನ ಅನುಭವ

ಮಗನಿಗೆ ಈಗ ಹದಿಮೂರು. ಬಾಯಿಂದ ಬರುವ ಪದ ಹತ್ತೋ ಹನ್ನೆರಡೋ. ಟ್ಯಾಬ್‌ನಲ್ಲಿ ಪದದ ಬಟನ್ ಒತ್ತಿದರೆ ಅದು ಅವನ ಪರವಾಗಿ ಮಾತಾಡುತ್ತದೆ, ಹಾಗೆ ಹೇಳುವುದು ಆರುನೂರರ ಆಸುಪಾಸು. ರಾತ್ರಿ ಏಳು ಗಂಟೆ ನಿದ್ದೆ ಮಾಡುತ್ತಾನೆ, ಮೊದಲು ನಾಲ್ಕಾದರೆ ಅದೇ ಹೆಚ್ಚು. ತಲೆ ಚಚ್ಚಿಕೊಳ್ಳುವುದು ನಿಂತು ಎರಡು ವರ್ಷದ ಮೇಲಾಯಿತು. ಆಟಿಸಂ ಮಾತ್ರ ಎಲ್ಲೂ ಹೋಗಿಲ್ಲ. ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ, ಕೈ ಪಟಪಟ ಆಡಿಸುತ್ತಾನೆ, ಬಾಗಿಲನ್ನು ಮೂರು ಸಲ ಹಾಕಿ ತೆಗೆಯದೆ ಒಳಗೆ ಕಾಲಿಡುವುದಿಲ್ಲ. ಅದನ್ನೆಲ್ಲ ಬಿಡಿಸಲು ದುಡ್ಡು ಸುರಿಯುವುದನ್ನು ನಾವು ನಿಲ್ಲಿಸಿ ಆರೇಳು ವರ್ಷವಾಯಿತು.

ನಿಲ್ಲಿಸಿದಾಗ ಎರಡೂ ಕಡೆಯಿಂದ ಮಾತು ಕೇಳಿದೆ. ಗುಣಪಡಿಸಲೇಬೇಕು ಎನ್ನುವವರು ‘ಹೆತ್ತವಳೇ ಕೈಚೆಲ್ಲಿ ಕೂತರೆ ಹೇಗೆ’ ಎಂದರು. ಇದ್ದ ಹಾಗೇ ಒಪ್ಪಿಕೊಳ್ಳಬೇಕು ಎನ್ನುವವರಲ್ಲಿ ಕೆಲವರು, ನಿದ್ದೆಗೆ ಔಷಧಿ ಕೊಡುತ್ತಿದ್ದೇನೆ ಎಂದದ್ದಕ್ಕೇ ಮುಖ ತಿರುಗಿಸಿದರು. ನಾನು ಮಾಡಿದ್ದಿಷ್ಟೇ: ಆಟಿಸಂ ಬೇರೆ, ಅದರ ಜೊತೆಗೆ ಬಂದ ನೋವು ಬೇರೆ ಎಂದು ಎರಡನ್ನೂ ಬಿಡಿಸಿಟ್ಟು, ಇದ್ದಬದ್ದ ದುಡ್ಡನ್ನೆಲ್ಲ ನೋವಿನ ಕಡೆಗೆ ತಿರುಗಿಸಿದೆ. ಫಲ ಕಣ್ಣೆದುರಿಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮೂರು ವರ್ಷ ಖರ್ಚು ಹೇಗಿತ್ತು ಎಂದರೆ, ಗಂಡ ಹೆಂಡತಿ ಇಬ್ಬರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತಿತ್ತು. ದೊಡ್ಡ ಪ್ರಮಾಣದ ಬಿ6 ವಿಟಮಿನ್ ಮತ್ತು ಮೆಗ್ನೀಸಿಯಂ. ಒತ್ತಡದಲ್ಲಿ ಆಮ್ಲಜನಕ ಉಸಿರಾಡಿಸುವ ಕೋಣೆ, ನಲವತ್ತು ಸಲ ಕೂರಿಸಬೇಕೆಂದು ಪ್ಯಾಕೇಜು. ಅರ್ಧಕ್ಕೇ ಕಿವಿ ಹಿಡಿದುಕೊಂಡು ಕಿರುಚತೊಡಗಿದ, ಉಳಿದ ಹಣ ವಾಪಸು ಬರಲಿಲ್ಲ. ಆಮೇಲೆ ಮೂತ್ರ ಪರೀಕ್ಷೆ ಮಾಡಿಸಿ, ಮೈಯಲ್ಲಿ ಪಾದರಸ ತುಂಬಿದೆ, ಕಿಲೇಶನ್, ಅಂದರೆ ಔಷಧಿಯಿಂದ ಲೋಹ ಹೊರಹಾಕುವ ಚಿಕಿತ್ಸೆ ಮಾಡಿಸಿ ಎಂದರು. ಪರೀಕ್ಷೆಗೆ ಮುಂಚೆ ಲೋಹವನ್ನು ಹೊರಗೆಳೆಯುವ ಔಷಧಿ ಕೊಟ್ಟು ಮೂತ್ರ ಹಿಡಿದರೆ ಯಾರದ್ದರಲ್ಲಾದರೂ ಅಂಕಿ ಏರುತ್ತದೆ. 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಹುಡುಗನೊಬ್ಬ ಇದೇ ಚಿಕಿತ್ಸೆ ನಡೆಯುವಾಗ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯ ನಿಂತು ತೀರಿಕೊಂಡ. ಅದನ್ನು ಓದಿದ ದಿನವೇ ಫೈಲು ಎತ್ತಿಕೊಂಡು ಬಂದುಬಿಟ್ಟೆವು. ಆ ವರ್ಷಗಳ ಸಾಲ ತೀರಿದ್ದು ಹೋದ ವರ್ಷ.

ವಾರಕ್ಕೆ ಇಪ್ಪತ್ತು ಇಪ್ಪತ್ತೈದು ಗಂಟೆಯ ಎಬಿಎ, ಅಂದರೆ ನಡವಳಿಕೆ ತಿದ್ದುವ ತರಬೇತಿ ಕೂಡ ಆಗ ನಡೆದಿತ್ತು. ಸೇರಿಸಿಕೊಳ್ಳುವಾಗ, ಅರ್ಧದಷ್ಟು ಮಕ್ಕಳು ಎಲ್ಲರಂತಾಗುತ್ತಾರೆ ಎಂದಿದ್ದರು. ಆ ಮಾತಿನ ಮೂಲ ಮನೋವಿಜ್ಞಾನಿ ಲೊವಾಸ್ ಅವರ 1987ರ ಅಧ್ಯಯನ: ಹತ್ತೊಂಬತ್ತು ಮಕ್ಕಳು, ವಾರಕ್ಕೆ ನಲವತ್ತು ಗಂಟೆ, ಅವರಲ್ಲಿ ಒಂಬತ್ತು ಮಂದಿ ಸಾಮಾನ್ಯ ತರಗತಿಗೆ ಹೋದರು ಎಂಬ ಲೆಕ್ಕ. ಯಾವ ಮಗುವಿಗೆ ಪೂರ್ತಿ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಗದರುವುದು, ಆಗೀಗ ತೊಡೆಗೆ ಹೊಡೆಯುವುದು ಆ ವಿಧಾನದೊಳಗೇ ಇತ್ತು. ಇದನ್ನು ಯಾವ ಥೆರಪಿ ಸೆಂಟರಿನವರೂ ನಮಗೆ ಹೇಳಿರಲಿಲ್ಲ.

ಆಗ ಒಂದು ನೋಟ್‌ಬುಕ್ ತೆಗೆದೆ. ಹಾಳೆಯ ಮಧ್ಯೆ ಗೆರೆ ಎಳೆದು, ಎಡಕ್ಕೆ ‘ಅವನಿಗೆ ನೋವು’, ಬಲಕ್ಕೆ ‘ನಮಗೆ ಮುಜುಗರ’ ಎಂದು ಬರೆದೆ. ಮಗನ ವಿಷಯದಲ್ಲಿ ನಾವು ಸರಿಮಾಡಲು ಹೊರಟಿದ್ದ ಒಂದೊಂದನ್ನೂ ಎರಡರಲ್ಲಿ ಒಂದು ಕಡೆ ಹಾಕಲೇಬೇಕು. ಬಲಗಡೆ ತುಂಬಿ ಮುಂದಿನ ಹಾಳೆಗೆ ಹೋಯಿತು: ಕೈ ಆಡಿಸುವುದು, ಕೇಳಿದ್ದನ್ನೇ ಗುನುಗುವುದು, ಆಟಿಕೆ ಸಾಲಾಗಿ ಜೋಡಿಸುವುದು, ನೆಂಟರ ಮುಖ ನೋಡದಿರುವುದು. ಎಡಗಡೆ ಐದಾರೇ: ನಿದ್ದೆ ಇಲ್ಲ, ತಲೆ ಚಚ್ಚಿಕೊಳ್ಳುವುದು, ಮಣಿಕಟ್ಟು ಕಚ್ಚಿಕೊಳ್ಳುವುದು, ಮಲಬದ್ಧತೆ, ಬೇಕಾದ್ದು ಹೇಳಲಾಗದೆ ಒದ್ದಾಡುವುದು, ಒಬ್ಬನೇ ರಸ್ತೆಗೆ ಓಡುವುದು. ಖರ್ಚಿನ ಚೀಟಿಗಳನ್ನು ಪಕ್ಕದಲ್ಲಿಟ್ಟು ಹೊಂದಿಸಿದೆ. ಹತ್ತರಲ್ಲಿ ಏಳೆಂಟು ಭಾಗ ದುಡ್ಡು ಬಲಗಡೆಗೆ ಹೋಗಿತ್ತು. ಅವತ್ತಿನಿಂದ ಬಲಗಡೆಗೆ ಬಿಡಿಕಾಸೂ ಇಲ್ಲ ಎಂದು ತೀರ್ಮಾನ. ಇವರು (ನನ್ನ ಗಂಡ) ಒಪ್ಪಲು ಒಂದು ತಿಂಗಳು ಹಿಡಿಯಿತು. ಅತ್ತೆಯವರು ಮರುದಿನವೇ ಒಪ್ಪಿದರು.

ಗೋಧಿ, ಹಾಲು ಬಿಡಿಸುವ ಪಥ್ಯದ ವಿಷಯ ಬಗೆಹರಿಯದೆ ಉಳಿದಿತ್ತು. ಬಿಟ್ಟಾಗ ಚುರುಕಾಗಿದ್ದಾನೆ ಎಂದು ನನಗೇ ಅನಿಸುತ್ತಿತ್ತು. ಆದರೆ ಅಷ್ಟರಲ್ಲಿ ಸೀಕ್ರೆಟಿನ್ ಎಂಬ ಜೀರ್ಣಾಂಗದ ಹಾರ್ಮೋನಿನ ಕಥೆ ಓದಿಕೊಂಡಿದ್ದೆ. 1998ರಲ್ಲಿ ಆಟಿಸಂ ಇರುವ ಮೂರು ಮಕ್ಕಳಿಗೆ ಅದರಿಂದ ಒಳ್ಳೆಯದಾಯಿತೆಂದು ವರದಿ ಬಂದು ತಂದೆ ತಾಯಂದಿರು ಮುಗಿಬಿದ್ದರು. 1999ರಲ್ಲಿ ಅರವತ್ತು ಮಕ್ಕಳನ್ನು ಸೇರಿಸಿಕೊಂಡು, ಕೆಲವರಿಗೆ ಸೀಕ್ರೆಟಿನ್, ಕೆಲವರಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ನೋಡಿದರೆ ಎರಡೂ ಗುಂಪಿನವರು ಒಂದೇ ಸಮ ಸುಧಾರಿಸಿದ್ದರು. ಫಲಿತಾಂಶ ತಿಳಿಸಿದ ಮೇಲೂ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಪೋಷಕರು ಅದೇ ಔಷಧಿ ಬೇಕೆಂದರು. ಮಕ್ಕಳು ತಾವಾಗಿಯೇ ಬೆಳೆಯುತ್ತಿರುತ್ತಾರೆ, ನಾವು ಆ ತಿಂಗಳು ಕೊಟ್ಟದ್ದಕ್ಕೆ ಕೀರ್ತಿ ಕೊಡುತ್ತೇವೆ.

ಹಾಗಾಗಿ ಮನೆಯಲ್ಲೇ ಪರೀಕ್ಷೆ ಇಟ್ಟೆ. ಯಾವ ಎರಡು ವಾರ ಪಥ್ಯ, ಯಾವ ಎರಡು ವಾರ ಮಾಮೂಲಿ ಊಟ ಎಂಬುದು ಇವರಿಗೊಬ್ಬರಿಗೇ ಗೊತ್ತು. ಅಡುಗೆಯೂ ಇವರದೇ, ಊಟ ಮಾಡಿಸುವುದೂ ಇವರೇ. ಪಕ್ಕದ ಬೀದಿಯಲ್ಲಿದ್ದ ಅತ್ತೆಯವರು ಸಂಜೆ ಬಂದು ಎರಡು ಗಂಟೆ ಅವನ ಜೊತೆ ಇದ್ದು ನಿದ್ದೆ, ಕಿರುಚಾಟ, ಗಮನ, ಮಲ ಇವಕ್ಕೆ ಐದರಲ್ಲಿ ಅಂಕ ಹಾಕುವುದು. ರಾತ್ರಿಯ ವಿವರ ನಾನು ಅವರಿಗೆ ಒಪ್ಪಿಸುತ್ತಿದ್ದೆ. ಮೂರ್ನಾಲ್ಕು ತಿಂಗಳು ಹೀಗೆ ನಡೆಯಿತು. ಇದನ್ನು ಯಾವ ಸೆಂಟರೂ ಮಾಡಿ ನೋಡಿರಲಿಲ್ಲ, ನಾವು ಮೂರು ಜನ ಮಾಡಿದೆವು ಎಂಬ ಹೆಮ್ಮೆ ನನಗಿದೆ. ಕೊನೆಗೆ ಕೂಡಿ ನೋಡಿದರೆ ಗಮನದಲ್ಲಿ, ಕಿರುಚಾಟದಲ್ಲಿ ಪಥ್ಯದಿಂದ ಒಂದು ಅಂಕವೂ ಹೆಚ್ಚು ಕಡಿಮೆ ಇಲ್ಲ. ಗೋಧಿ ಮರಳಿ ತಟ್ಟೆಗೆ ಬಂತು.

ಆದರೆ ಹಾಳೆಗಳನ್ನು ಮತ್ತೆ ಮತ್ತೆ ತಿರುವಿದಾಗ ಬೇರೇನೋ ಕಂಡಿತು. ತಲೆ ಚಚ್ಚಿಕೊಂಡ ದಿನಗಳೆಲ್ಲ ಮೂರು ನಾಲ್ಕು ದಿನದಿಂದ ಮಲ ಆಗದೇ ಇದ್ದ ದಿನಗಳು. ಪಥ್ಯ ಇರಲಿ ಬಿಡಲಿ ಅದು ತಪ್ಪುತ್ತಿರಲಿಲ್ಲ. ಮಕ್ಕಳ ವೈದ್ಯರ ಬಳಿ ಹೋಗಿ ಆ ಹಾಳೆಗಳನ್ನೇ ಮೇಜಿನ ಮೇಲೆ ಇಟ್ಟೆ. ಅದಕ್ಕೂ ಮುಂಚೆ ಒಬ್ಬರು ‘ಆಟಿಸಂ ಮಕ್ಕಳು ಹಾಗೇ, ತಲೆ ಚಚ್ಚಿಕೊಳ್ಳುತ್ತಾರೆ’ ಎಂದು ಹೊಟ್ಟೆ ಮುಟ್ಟಿಯೂ ನೋಡದೆ ಕಳಿಸಿದ್ದರು. ಈ ವೈದ್ಯರು ಹೊಟ್ಟೆ ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಕರುಳಿನ ತುಂಬ ಗಟ್ಟಿಯಾದ ಮಲ. ಮಲ ಸಡಿಲಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ನೀರಿನಲ್ಲಿ ಕದಡಿ ತಿಂಗಳುಗಟ್ಟಲೆ ಕೊಟ್ಟೆವು. ಡೋಸ್ ವೈದ್ಯರೇ ಏರಿಸಿ ಇಳಿಸಿ ಹೊಂದಿಸಿದರು. ಎರಡನೇ ತಿಂಗಳಿಗೆ ಚಚ್ಚಿಕೊಳ್ಳುವುದು ಕಾಲು ಭಾಗಕ್ಕೆ ಇಳಿಯಿತು. ಉಳಿದದ್ದು ಹಲ್ಲಿನದು, ಹಿಂದಿನ ದವಡೆಯಲ್ಲಿ ಎರಡು ಹುಳುಕು. ಅವನು ದಂತವೈದ್ಯರ ಮುಂದೆ ಬಾಯಿ ತೆರೆಯುವಂತೆ ಮಾಡಿದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಮಗುವನ್ನು ನೋಡದೆ ಹೇಳಿದರೆ ಕೆಟ್ಟೀತು. ಹಿಡಿದು ಕಟ್ಟಿ ಮಾಡಿಸಿದ್ದಲ್ಲ ಎಂದಷ್ಟು ಹೇಳುತ್ತೇನೆ.

ಮೂರು ವರ್ಷದ ‘ಗುಣಪಡಿಸುವ’ ಖರ್ಚಿನ ಮುಂದೆ ಎಕ್ಸ್‌ರೇ, ಪುಡಿ, ಹಲ್ಲು ಎಲ್ಲ ಸೇರಿ ನೂರರಲ್ಲಿ ಒಂದೆರಡು ಭಾಗವೂ ಆಗಲಿಲ್ಲ.

ಮಣಿಕಟ್ಟಿನ ವಿಷಯ. ಥೆರಪಿ ಕೋಣೆಯಲ್ಲಿ ಕೈ ಆಡಿಸಿದರೆ ಎರಡೂ ಕೈಯನ್ನು ಮೇಜಿಗೆ ಒತ್ತಿ ಹಿಡಿಯುತ್ತಿದ್ದರು. ಅವನ ಬಲ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಹತ್ತಿರ, ಹಲ್ಲು ಕೂತೂ ಕೂತೂ ಚರ್ಮ ದಪ್ಪಗಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಬಟನ್ನಿನಷ್ಟು ಗಟ್ಟಿ. ಕೈ ಆಡಿಸಲು ಬಿಟ್ಟ ಮೇಲೆ ಕಚ್ಚುವುದು ತಾನಾಗಿ ಕಡಿಮೆಯಾಗುತ್ತಾ ಬಂತು, ವರ್ಷದೊಳಗೆ ಅಲ್ಲಿ ಹೊಸ ಚರ್ಮ ಬಂತು. ಮಿಣಮಿಣ ಎನ್ನುವ ಹಳೆಯ ಟ್ಯೂಬ್‌ಲೈಟ್ ತೆಗೆದದ್ದು, ಕಾಲರಿನ ಲೇಬಲ್ ಕತ್ತರಿಸಿದ್ದು, ಗದ್ದಲಕ್ಕೆ ಇಯರ್‌ಮಫ್ ಕೊಟ್ಟದ್ದು ಇವೂ ಆಗಲೇ. ಭಾರದ ಹೊದಿಕೆ ದುಬಾರಿ ಕೊಟ್ಟು ತಂದೆವು, ಒಂದು ರಾತ್ರಿಯೂ ಮೈಮೇಲೆ ಉಳಿಸಲಿಲ್ಲ. ಈಗ ಅದು ನನ್ನ ಹಾಸಿಗೆಯಲ್ಲಿದೆ.

ಮಾತಿನ ವಿಷಯಕ್ಕೆ ಅತಿ ಹೆಚ್ಚು ವಿರೋಧ ಬಂತು. ಟ್ಯಾಬ್ ಕೊಟ್ಟರೆ ಬಾಯಿ ಸೋಮಾರಿಯಾಗುತ್ತದೆ, ಇನ್ನು ಮಾತೇ ಬರುವುದಿಲ್ಲ ಎಂದು ಹೆದರಿಸಿದರು. 2006ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದವರಿಗೆ, ಗಟ್ಟಿ ಪುರಾವೆಯಿದ್ದವುಗಳಲ್ಲಿ ಇಂಥ ಸಾಧನದಿಂದ ಮಾತು ಕಡಿಮೆಯಾದ ಒಂದು ಉದಾಹರಣೆಯೂ ಸಿಕ್ಕಿರಲಿಲ್ಲ, ಬಹುಪಾಲಿನವರಿಗೆ ಸ್ವಲ್ಪ ಹೆಚ್ಚೇ ಆಗಿತ್ತು. ನನ್ನ ಮಗನಿಗೂ ಬಾಯಿಮಾತು ಬಂದದ್ದು ಟ್ಯಾಬ್ ಬಂದ ಮೇಲೆಯೇ. ಸೆಂಟರಿನವರು ತುಂಬಿಕೊಟ್ಟ ಪುಟದಲ್ಲಿ ಬರೀ ತಿಂಡಿಯ ಚಿತ್ರ, ‘ಬೇಕು’ ಎಂಬ ಒಂದೇ ಬಟನ್. ಅವನಿಗೆ ಅದು ಮೂರೇ ದಿನದಲ್ಲಿ ಬೇಸರವಾಯಿತು. ನಾನು ಅದನ್ನೆಲ್ಲ ಅಳಿಸಿ ಮೊದಲು ಇಟ್ಟದ್ದು ‘ಬೇಡ’, ‘ನಿಲ್ಲಿಸು’, ‘ನೋಯ್ತಿದೆ’. ಅವನು ‘ಬೇಡ’ ಒತ್ತಿದರೆ, ಔಷಧಿ ಮತ್ತು ರಸ್ತೆ ಈ ಎರಡನ್ನು ಬಿಟ್ಟು, ಮನೆಯಲ್ಲಿ ಎಲ್ಲರೂ ಕೇಳಲೇಬೇಕು. ಆರೇಳು ತಿಂಗಳು ಅವನು ಒತ್ತಲಿ ಬಿಡಲಿ, ನಾವು ಮಾತಾಡುವಾಗ ಟ್ಯಾಬ್ ಒತ್ತಿಕೊಂಡೇ ಮಾತಾಡಿದೆವು. ಬಂದ ನೆಂಟರು ವಿಚಿತ್ರವಾಗಿ ನೋಡಿದರು. ಪದದ ಜಾಗ ಒಮ್ಮೆ ಇಟ್ಟರೆ ಮತ್ತೆ ಕದಲಿಸಬಾರದು, ಬೆರಳು ಜಾಗವನ್ನು ಕಲಿಯುತ್ತದೆ. ಮೊದಲ ಪುಟದಲ್ಲಿ ಯಾವ ಪದ ಎಲ್ಲಿ ಎಂಬ ನನ್ನ ಜೋಡಣೆಯನ್ನು ಬರೆಯುವುದಿಲ್ಲ, ಅದು ಇವನ ಕೈಗೆ, ಇವನ ಕಣ್ಣಿಗೆ ಹೊಂದಿಸಿದ್ದು. ಮಾತು ಬರುವುದಿಲ್ಲ ಎಂದಿದ್ದ ಥೆರಪಿಸ್ಟ್ ಹೋದ ವರ್ಷ ಫೋನ್ ಮಾಡಿ ಅದನ್ನೇ ಕೇಳಿದರು.

ಒಂದು ಸಂಜೆ ಅವನು ಟ್ಯಾಬ್ ಎಳೆದುಕೊಂಡು ‘ನೋಯ್ತಿದೆ’, ಆಮೇಲೆ ‘ಕಿವಿ’ ಒತ್ತಿದ. ನೋಡಿದರೆ ಕಿವಿಯಲ್ಲಿ ಸೋಂಕು. ಮೊದಲಾಗಿದ್ದರೆ ಮೂರು ದಿನ ಗೋಡೆಗೆ ತಲೆ ಬಡಿಯುತ್ತಿದ್ದ, ನಾವು ಅದಕ್ಕೆ ನಡವಳಿಕೆ ಎಂದು ಹೆಸರಿಡುತ್ತಿದ್ದೆವು.

ಆಟಿಸಂ ಅನ್ನು ಇದ್ದ ಹಾಗೇ ಒಪ್ಪಿಕೊಳ್ಳಬೇಕೆಂಬ ಮಾತು, ಬರೆಯಬಲ್ಲ, ಕೆಲಸಕ್ಕೆ ಹೋಗಬಲ್ಲ ಆಟಿಸ್ಟಿಕ್ ಜನರಿಗೆ ಸರಿ, ಮಾತಿಲ್ಲದ ಮಕ್ಕಳಿಗೆ ಅಲ್ಲ ಎಂದು ಅನೇಕ ಪೋಷಕರು ಹೇಳುತ್ತಾರೆ. ಅವರ ದಣಿವು ನನಗೆ ಗೊತ್ತು, ನನ್ನ ಮಗ ಆ ಸಾಲಿನವನೇ. ಆದರೆ ಸರಿಪಡಿಸುವ ಹೆಸರಿನಲ್ಲಿ ಎಲ್ಲವನ್ನೂ ಸಹಿಸಿದ್ದು ಬೇಡ ಎನ್ನಲು ಬಾಯಿಲ್ಲದ ಇಂಥ ಮಕ್ಕಳೇ. ಆಮ್ಲಜನಕದ ಕೋಣೆಯಿಂದ ಅವರು ಎದ್ದು ಬರಲಾರರು. 1993ರಲ್ಲಿ ಟೊರಾಂಟೊದ ಸಮ್ಮೇಳನದಲ್ಲಿ ಜಿಮ್ ಸಿಂಕ್ಲೇರ್ ಎಂಬ ಆಟಿಸ್ಟಿಕ್ ವ್ಯಕ್ತಿ ಪೋಷಕರ ಮುಂದೆ ನಿಂತು ಇದನ್ನೇ ಹೇಳಿದ್ದು: ನೀವು ಕಾಯುತ್ತಿದ್ದ ಮಗು ಬರಲಿಲ್ಲವೆಂಬ ದುಃಖ ನಿಮ್ಮದು, ಅದನ್ನು ಎದುರಿಗಿರುವ ಮಗುವಿನ ಮೇಲೆ ಹೊರಿಸಬೇಡಿ. ಅಮೆರಿಕದ ಆಟಿಸಂ ಸ್ಪೀಕ್ಸ್‌ನಂಥ ದೊಡ್ಡ ಸಂಸ್ಥೆಯೇ 2016ರಲ್ಲಿ ತನ್ನ ಗುರಿಯ ಸಾಲಿನಿಂದ ಗುಣಪಡಿಸುವ ಮಾತನ್ನು ತೆಗೆದುಹಾಕಿತು.

ಔಷಧಿಗೆ ನಾನು ವಿರೋಧಿಯಲ್ಲ. ನಿದ್ದೆಗೆ ಮೆಲಟೋನಿನ್ ಇನ್ನೂ ನಡೆದಿದೆ. ರಿಸ್ಪೆರಿಡೋನ್ ಒಂದು ವರ್ಷದ ಹತ್ತಿರ ಕೊಟ್ಟೆವು, ಸಿಟ್ಟು ಇಳಿಯಿತು, ಐದಾರು ಕಿಲೋ ತೂಕ ಏರಿತು. ಹೊಟ್ಟೆ, ಹಲ್ಲು ಸರಿಹೋದ ಮೇಲೆ ವೈದ್ಯರೇ ಹಂತ ಹಂತವಾಗಿ ನಿಲ್ಲಿಸಿದರು. ಮುಂದೆ ಫಿಟ್ಸ್ ಬಂದರೆ ಅದಕ್ಕೂ ಔಷಧಿ ಕೊಡುತ್ತೇನೆ. ಅದು ಎಡಗಡೆಯ ಲೆಕ್ಕ.

ಇದನ್ನು ಬರೆಯುವ ಮೊದಲು, ನಿನ್ನ ವಿಷಯ ಬರೆಯಲಾ ಎಂದು ಅವನನ್ನು ಕೇಳಿದೆ. ‘ಹೂಂ’ ಒತ್ತಿದ. ಫೋಟೋ ಹಾಕಲಾ ಎಂದೆ. ‘ಬೇಡ’ ಒತ್ತಿದ. ಹಾಕಿಲ್ಲ.

ಈಗ ಕೈಯಲ್ಲಿರುವುದು ರಕ್ತಪರೀಕ್ಷೆಯ ಅಭ್ಯಾಸ. ಸೂಜಿ ಕಂಡರೆ ನಾಲ್ಕು ಜನ ಹಿಡಿಯಬೇಕಿತ್ತು. ಮರಗಟ್ಟಿಸುವ ಕ್ರೀಮು ಹಚ್ಚಿ ಒಂದು ಗಂಟೆ ಕಾಯುವುದು, ಬೆಲ್ಟು ಕಟ್ಟುವುದು, ಬಿಚ್ಚುವುದು, ಅಷ್ಟಕ್ಕೇ ಮನೆಗೆ ಬರುವುದು. ಲ್ಯಾಬಿನವರು ಮಧ್ಯಾಹ್ನ ಜನವಿಲ್ಲದ ಹೊತ್ತಿಗೆ ಬರಲು ಹೇಳಿದ್ದಾರೆ. ಈ ವಾರ ತೋಳು ತಾನೇ ಚಾಚಿದ, ಇನ್ನು ಸೂಜಿ ತೋರಿಸುವುದು ಬಾಕಿ.