ಟರ್ಬೊ ಕಾರಿಗೆ ಮೈಲೇಜ್ ಬೇಕೆ? ಮೊದಲು ಸೋರುವ ಗಾಳಿ ಹಿಡಿಯಿರಿ

ನನ್ನದು 2012ರ ಸ್ವಿಫ್ಟ್ ಡೀಸೆಲ್, 1248 ಸಿಸಿ ಟರ್ಬೊ ಎಂಜಿನ್. ಮನೆ ಸಕಲೇಶಪುರ, ತವರು ಮಂಗಳೂರು. ಹದಿನೈದು ದಿನಕ್ಕೊಮ್ಮೆ ಶಿರಾಡಿ ಘಾಟಿ ಇಳಿದು ಹತ್ತುವುದು ತಪ್ಪಿದ್ದಲ್ಲ. ಲೀಟರಿಗೆ 20 ಕೊಡುತ್ತಿದ್ದ ಗಾಡಿ ಒಂದು ಮಳೆಗಾಲದಲ್ಲಿ 16ಕ್ಕೆ ಇಳಿಯಿತು. ಒಂದು ಗ್ಯಾರೇಜಿನವರು ನಾಲ್ಕೂ ಇಂಜೆಕ್ಟರ್ (ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಭಾಗ) ಹೋಗಿವೆ ಅಂದರು. ಇನ್ನೊಬ್ಬರು ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ, ಮಾಡಿಸಿ ಅಂದರು. ಕೊನೆಗೆ ಸಿಕ್ಕಿದ್ದು, ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹೋಸಿನ ಅಡಿಭಾಗದಲ್ಲಿ ಬೆರಳುದ್ದದ ಒಂದು ಬಿರುಕು. ಹೋಸ್ ಬದಲಾಯಿಸಿದ ಮೇಲೆ ಹಳೆಯ ಲೆಕ್ಕ ವಾಪಸ್ ಬಂತು. ಅದಕ್ಕೇ ಹೇಳುತ್ತೇನೆ, ಹೊಸದಾಗಿ ಏನನ್ನೂ ಸೇರಿಸುವ ಮೊದಲು ಕಂಪನಿ ಕೊಟ್ಟಿದ್ದರಲ್ಲಿ ಎಷ್ಟು ಕಳೆದುಹೋಗಿದೆ ಅಂತ ಹುಡುಕಿ.

ಅಳತೆಯಿಂದ ಶುರು ಮಾಡಿ. ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿಯನ್ನು ನಂಬಿ ಕೂರಬೇಡಿ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್. ನಾಜಲ್ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ. ಮುಂದಿನ ಸಲವೂ ಹಾಗೆಯೇ. 412 ಕಿಲೋಮೀಟರ್ ಓಡಿ 22.6 ಲೀಟರ್ ಹಿಡಿಸಿದರೆ ಮೈಲೇಜ್ 18.2. ಒಂದು ಟ್ಯಾಂಕಿನ ಲೆಕ್ಕ ಸಾಲದು, ಮೂರು ಟ್ಯಾಂಕ್ ಬರೆದಿಡಿ. ನನ್ನ ಪುಸ್ತಕದಲ್ಲಿ ಊರೊಳಗಿನ ಓಡಾಟಕ್ಕೂ ಘಾಟಿಯ ಓಡಾಟಕ್ಕೂ ಬೇರೆ ಬೇರೆ ಪುಟ ಇದೆ.

ಈಗ ಗಾಳಿಯ ವಿಷಯ. ಒಂದು ಕೆಜಿ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕೆಜಿ ಗಾಳಿ ಬೇಕು. ಅಂದರೆ ಒಂದು ಲೀಟರ್ ಡೀಸೆಲಿಗೆ ಕಡಿಮೆಯೆಂದರೂ ಹತ್ತು ಸಾವಿರ ಲೀಟರ್ ಗಾಳಿ. ಟರ್ಬೊ ಆ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಏರ್ ಫಿಲ್ಟರ್ ದಾಟಿದ ಗಾಳಿಯನ್ನು ಅಲ್ಲೇ ಇರುವ ಸೆನ್ಸರ್ ಅಳೆಯುತ್ತದೆ. ಆಮೇಲೆ ಹೋಸಿನಲ್ಲಿ ಸೋರಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಗಾಳಿ ಸಾಕಷ್ಟಿದೆ ಅಂದುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಡೀಸೆಲ್ ಬಿಡುತ್ತದೆ, ಅದು ಸರಿಯಾಗಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಪಿಕಪ್ ಇಲ್ಲ ಅಂತ ನಾವು ಇನ್ನಷ್ಟು ತುಳಿಯುತ್ತೇವೆ.

ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಎಂಜಿನ್‌ವರೆಗಿನ ಹೋಸನ್ನು ಕೈಯಲ್ಲಿ ಒತ್ತುತ್ತಾ ಹೋಗಿ. ಪೈಪಿನ ಒಳಗೆ ತೆಳುವಾಗಿ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ. ಹೊರಗೆ, ಕ್ಲಿಪ್ಪಿನ ಹತ್ತಿರ, ಎಣ್ಣೆಗೆ ಧೂಳು ಮೆತ್ತಿಕೊಂಡಿದ್ದರೆ ಗಾಳಿ ಅಲ್ಲಿಂದಲೇ ಹೊರಡುತ್ತಿದೆ. ನನ್ನ ಹೋಸಿನ ಬಿರುಕು ಹೀಗೆ ನೋಡಿದಾಗಲೂ ಕಾಣಲಿಲ್ಲ. ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತಿತ್ತು. ಹಾಸನದ ಒಬ್ಬ ಹಿರಿಯ ಮೆಕ್ಯಾನಿಕ್ ಫಿಲ್ಟರ್ ಕಡೆಯ ಪೈಪಿಗೆ ಟ್ಯೂಬ್ ವಾಲ್ವ್ ಕೂರಿಸಿದ ಮುಚ್ಚಳ ಹಾಕಿ, 10 ಪಿಎಸ್‌ಐ ಗಾಳಿ ತುಂಬಿ, ಸೋಪಿನ ನೀರು ಚಿಮುಕಿಸಿದರು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿಗೆ ಬರುವ ಹಾಗೆ ಗುಳ್ಳೆ ಎದ್ದವು. "ಮೇಡಂ, ನಿಮ್ಮ ನಾಲ್ಕು ಕಿಲೋಮೀಟರ್ ಇಲ್ಲಿದೆ ನೋಡಿ" ಅಂದರು. ನಿಮ್ಮ ಮೆಕ್ಯಾನಿಕ್ ಹತ್ತಿರ ಈ ಪರೀಕ್ಷೆಯನ್ನು ಕೇಳಿ ಮಾಡಿಸಿ. ಒತ್ತಡ 15 ದಾಟುವುದು ಬೇಡ, ಸೀಲುಗಳಿಗೆ ಪೆಟ್ಟು.

ಫೋನಿಗೆ ಸೇರಿಸುವ ಅಗ್ಗದ ಓಬಿಡಿ ಸ್ಕ್ಯಾನರ್ (ಕಾರಿನ ಸೆನ್ಸರುಗಳ ಅಂಕಿ ಓದುವ ಸಾಧನ) ಒಂದಿದ್ದರೆ ಒಳ್ಳೆಯದು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಅಂಕಿ ನೋಡಿ. ಅದು ಆ ಜಾಗದ ಗಾಳಿಯ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲ್ ಆಸುಪಾಸು, ಸಕಲೇಶಪುರದ ಎತ್ತರದಲ್ಲಿ 90ರ ಹತ್ತಿರ. ತೀರಾ ಬೇರೆ ಬಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟಿನ, ಬಿಸಿಯನ್ನೂ ನೋಡಿ. ಅರ್ಧ ಗಂಟೆ ಓಡಿಸಿದರೂ 80 ಡಿಗ್ರಿ ಮುಟ್ಟದಿದ್ದರೆ ಆ ದ್ರವದ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟ್ ತೆರೆದೇ ಉಳಿದಿರಬಹುದು. ಮಲೆನಾಡಿನ ಚಳಿಯಲ್ಲಿ ಅದರಿಂದ ಸುಮ್ಮನೆ ಡೀಸೆಲ್ ಹೋಗುತ್ತಿರುತ್ತದೆ.

ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿದ್ದರೆ ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆದು ಒಣಗಲು ಬಿಡಿ, ಒಳಗಿನ ಭಾಗಕ್ಕೆ ಬೆರಳು ತಾಗಿಸಬೇಡಿ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿದ್ದರೆ ಬಿಚ್ಚಿಸಿ ತೊಳೆಸಿ. ಅದನ್ನು ತಗಡು ಹಾಕಿ ಮುಚ್ಚುವ ಸಲಹೆ ಬಹಳ ಜನ ಕೊಡುತ್ತಾರೆ, ನಾನು ಒಪ್ಪುವುದಿಲ್ಲ. ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ, ಅದನ್ನು ಉಸಿರಾಡುವವರು ನಮ್ಮ ಹಿಂದೆ ಬರುವ ಬೈಕಿನವರು.

ಟೈರ್ ಗಾಳಿಯನ್ನು ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ನೋಡಿ, ಕಾರಿನ ಬಾಗಿಲ ಬಳಿಯ ಸ್ಟಿಕರಿನಲ್ಲಿ ಬರೆದಷ್ಟು ಇರಲಿ. ಸಪಾಟು ರಸ್ತೆಯಲ್ಲಿ ಹೆಚ್ಚು ಬ್ರೇಕ್ ಬಳಸದೆ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ಇಷ್ಟೂ ಸರಿಯಾದ ಮೇಲೆ ರೀಮ್ಯಾಪ್ ಮಾತು. ಎಂಜಿನ್ ನಿಧಾನ ಸುತ್ತುವಾಗ, ಅಂದರೆ ಕಡಿಮೆ ಆರ್‌ಪಿಎಮ್‌ನಲ್ಲಿ, ಎಳೆತ ಹೆಚ್ಚಿದರೆ ಬೇಗ ಮೇಲಿನ ಗೇರಿಗೆ ಹೋಗಬಹುದು, ಸ್ವಲ್ಪ ಉಳಿತಾಯವೂ ಆಗಬಹುದು. ಆದರೆ ಕ್ಲಚ್ಚಿಗೂ ಟರ್ಬೊಗೂ ಹೊರೆ ಬೀಳುತ್ತದೆ, ಸಿಕ್ಕ ಪಿಕಪ್ ಬಳಸದೆ ಬಿಡುವವರು ಕಡಿಮೆ. ಹೋಸ್ ಸೋರುತ್ತಿರುವಾಗ ಮಾಡಿಸಿದರಂತೂ ಹೊಗೆ ಇನ್ನೂ ಜಾಸ್ತಿ. ನಾನು ಮಾಡಿಸಲಿಲ್ಲ.

ಓಡಿಸುವುದೂ ಟ್ಯೂನಿಂಗೇ. ಈ ಎಂಜಿನ್ ಗರಿಷ್ಠ ಟಾರ್ಕ್ (ಎಳೆಯುವ ಬಲ) ಕೊಡುವುದು 2000 ಆರ್‌ಪಿಎಮ್‌ಗೆ, 190 ನ್ಯೂಟನ್ ಮೀಟರ್. ಏರಿನಲ್ಲಿ 1300ಕ್ಕೆ ಇಳಿದ ಮೇಲೂ ಅದೇ ಗೇರಿನಲ್ಲಿ ತುಳಿದರೆ ಟರ್ಬೊ ಒತ್ತಡ ಕಟ್ಟುವುದಿಲ್ಲ, ಕನ್ನಡಿಯಲ್ಲಿ ಕಪ್ಪು ಹೊಗೆ ಕಾಣುತ್ತದೆ. ಗೇರ್ ಇಳಿಸಿ 1800ರಿಂದ 2200ರ ನಡುವೆ ಇಟ್ಟುಕೊಳ್ಳಿ. ಘಾಟಿಯ ಬುಡದ ಗುಂಡ್ಯದ ಕಡೆ ಇಳಿಯುವಾಗ ನ್ಯೂಟ್ರಲ್ ಹಾಕಬೇಡಿ. ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಇಂಜೆಕ್ಟರ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಡೀಸೆಲ್ ಬೇಕೇ ಬೇಕು, ಬ್ರೇಕಿಗೆ ಎಂಜಿನ್ ಆಸರೆಯೂ ಇರುವುದಿಲ್ಲ. ಬಯಲಿನಲ್ಲಿ 80 ಬಿಟ್ಟು 100ರಲ್ಲಿ ಹೋದರೆ ಎದುರುಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ವಾಪಸ್ ಘಾಟಿ ಹತ್ತಿ ದೋಣಿಗಾಲ್ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ನಾನು ಕೂಡಲೇ ಕೀ ತೆಗೆಯುವುದಿಲ್ಲ. ಏರಿನಲ್ಲಿ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುವ ಟರ್ಬೊ ಇನ್ನೂ ಕೆಂಡದಂತೆ ಕಾದಿರುತ್ತದೆ. ಎಂಜಿನ್ ನಿಂತರೆ ಅದರ ಬೇರಿಂಗಿಗೆ ಎಣ್ಣೆಯೂ ನಿಲ್ಲುತ್ತದೆ, ಉಳಿದ ಎಣ್ಣೆ ಅಲ್ಲೇ ಸುಟ್ಟು ಕರಿಗಟ್ಟುತ್ತದೆ. ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ಆಮೇಲೆ ಆಫ್ ಮಾಡುತ್ತೇನೆ.