ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು

ಹೊಸ ಪಿಸಿ ಜೋಡಿಸಿ ಪವರ್ ಬಟನ್ ಒತ್ತಿದೆ. ಫ್ಯಾನ್‌ಗಳೆಲ್ಲ ತಿರುಗಿದವು, ಮಾನಿಟರ್‌ನಲ್ಲಿ ಮಾತ್ರ ಏನೂ ಬರಲಿಲ್ಲ. ಮದರ್‌ಬೋರ್ಡ್ ಅಂಚಿನಲ್ಲಿ 'ಡಿರ‍್ಯಾಮ್' (ಅಂದರೆ ರ‍್ಯಾಮ್, ಕಂಪ್ಯೂಟರ್‌ನ ಮೆಮೊರಿ) ಅಂತ ಬರೆದಿರುವ ಪುಟ್ಟ ಹಳದಿ ದೀಪ ಉರಿಯುತ್ತಲೇ ಇತ್ತು.

ಆಫ್ ಮಾಡಿ ನೋಡಿದೆ. ರ‍್ಯಾಮ್ ಎರಡೂ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟ್‌ನಲ್ಲಿ ಸರಿಯಾಗೇ ಕೂತಿದ್ದವು. ಮ್ಯಾನುವಲ್ ತೆಗೆದಾಗ ವಿಷಯ ಗೊತ್ತಾಯ್ತು. ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಎಎಂ5 ಮದರ್‌ಬೋರ್ಡ್‌ಗಳು ಡಿಡಿಆರ್5 ರ‍್ಯಾಮ್ ಜೊತೆ ಮೊದಲ ಸಲ ಆನ್ ಆದಾಗ 'ಮೆಮೊರಿ ಟ್ರೈನಿಂಗ್' ಮಾಡುತ್ತವೆ. ಅಂದರೆ ಆ ರ‍್ಯಾಮ್‌ಗೆ ಯಾವ ಟೈಮಿಂಗ್ ಹೊಂದುತ್ತದೆ ಅಂತ ಪರೀಕ್ಷಿಸುತ್ತವೆ. ಇದಕ್ಕೆ ಕೆಲವು ನಿಮಿಷ ಬೇಕು. ರ‍್ಯಾಮ್ ಜಾಸ್ತಿ ಇದ್ದರೆ ಇನ್ನೂ ತಡ. ಅಲ್ಲಿವರೆಗೂ ಪರದೆ ಕಪ್ಪಾಗಿಯೇ ಇರುತ್ತದೆ.

ಮತ್ತೆ ಆನ್ ಮಾಡಿ, ಏನೂ ಮುಟ್ಟದೆ ಸುಮ್ನೆ ಬಿಟ್ಟೆ. ಹಳದಿ ದೀಪ ಆರಿತು, ಬಯೋಸ್ ಅನ್ನೋ ಸೆಟ್ಟಿಂಗ್ಸ್ ಪರದೆ ಬಂತು! ಎಷ್ಟು ಖುಷಿಯಾಯ್ತು ಗೊತ್ತಾ. ಮಧ್ಯೆ ಕರೆಂಟ್ ಹೋದರೆ ಟ್ರೈನಿಂಗ್ ಮತ್ತೆ ಮೊದಲಿನಿಂದ ಆಗಬೇಕು, ಹಾಗಾಗಿ ಯುಪಿಎಸ್ ಇದ್ದರೆ ಅದಕ್ಕೇ ಹಾಕಿ.