ಸೇವಂತಿಗೆ ಹೊಲಕ್ಕೆ ರಾತ್ರಿ ಬಲ್ಬು: ನನ್ನ ಅನುಭವ

ರಾತ್ರಿ ಹೊತ್ತು ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಕಡೆ ಓಡಾಡಿದವರು ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ಹುಳ ಹಿಡಿಯೋದಕ್ಕೆ ಅಂತ ಕೆಲವರು, ಕಳ್ಳರ ಕಾಟಕ್ಕೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಸೇವಂತಿಗೆ ಬೇಗ ಮೊಗ್ಗು ಹಿಡಿಯದಿರಲಿ ಅಂತ ಅದರ ರಾತ್ರಿಯನ್ನು ನಾವು ಎರಡು ತುಂಡು ಮಾಡುತ್ತಿರುತ್ತೇವೆ.

ಈ ಗಿಡ ಲೆಕ್ಕ ಇಡುವುದು ಕತ್ತಲಿನದ್ದು. ರಾತ್ರಿ ಉದ್ದವಾದರೆ ಹೂವಿಗೆ ಕೂರುತ್ತದೆ. ಬರೀ ಎಲೆ, ಕಾಂಡ ಬೆಳೆಸಿಕೊಂಡು ಇರಬೇಕಾದರೆ ಹಗಲು ಹದಿಮೂರೂವರೆ, ಹದಿನಾಲ್ಕು ಗಂಟೆಯಾದರೂ ಇರಬೇಕು. ನಮ್ಮ ಸೀಮೆಯಲ್ಲಿ ಜೂನ್ 21ರ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಗಿಡ ಗೇಣುದ್ದ ಇರುವಾಗಲೇ ಮೊಗ್ಗಿಗೆ ಅವಸರ ಮಾಡುತ್ತದೆ, ಕವಲು ಕಮ್ಮಿ, ಹೂವೂ ಕಮ್ಮಿ.

ಬಲ್ಬುಗಳನ್ನು ಹತ್ತಡಿಗೊಂದರಂತೆ, ನೆಲದಿಂದ ಐದಾರು ಅಡಿ ಎತ್ತರಕ್ಕೆ ಕಟ್ಟಿದ್ದೇನೆ. 9 ವ್ಯಾಟಿನ ಎಲ್‌ಇಡಿ, ಹಳದಿ ಛಾಯೆಯದ್ದು. ಎಲೆಯೊಳಗೆ ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ವಸ್ತು ಕೆಂಪು ಬೆಳಕಿಗೆ ಓಗೊಡುತ್ತದೆ, ಹಳದಿ ಬಲ್ಬಿನಲ್ಲಿ ಅದು ಹಾಲುಬಿಳುಪಿನದಕ್ಕಿಂತ ಹೆಚ್ಚು. ನಾಲ್ಕು ಬಲ್ಬುಗಳ ನಟ್ಟನಡುವೆ, ಕುಡಿಯ ಮಟ್ಟದಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿದ ಮೊಬೈಲ್ ಹಿಡಿದು ನೋಡಿದರೆ ನೂರು ಲಕ್ಸ್ (ಬೆಳಕಿನ ಅಳತೆ) ಆಸುಪಾಸು ಬರಬೇಕು. ಬೆಳದಿಂಗಳು ಒಂದು ಲಕ್ಸ್ ಕೂಡ ಇರುವುದಿಲ್ಲ, ಹುಣ್ಣಿಮೆಗೆ ಹೆದರಬೇಡಿ.

ಉರಿಸುವುದು ರಾತ್ರಿ 10ರಿಂದ 2. ಸಂಜೆಗೇ ಹಾಕಿದರಾಗದೇ ಅಂತ ಕೇಳುತ್ತಾರೆ. ಆಗುತ್ತದೆ, ಆದರೆ ಕರೆಂಟು ಜಾಸ್ತಿ ಬೇಕು. ನಡುರಾತ್ರಿ ಹಾಕಿದರೆ ಅತ್ತ ನಾಲ್ಕು, ಇತ್ತ ನಾಲ್ಕು ಗಂಟೆ ಕತ್ತಲು ಉಳಿಯುತ್ತದೆ, ಗಿಡಕ್ಕೆ ಎರಡೂ ಚಿಕ್ಕ ರಾತ್ರಿಗಳೇ. ಅರ್ಧ ಗಂಟೆಯಲ್ಲಿ 10 ನಿಮಿಷ ಉರಿಸಿ 20 ನಿಮಿಷ ಆರಿಸುವ ಕ್ರಮವೂ ಇದೆ, ಬಿಲ್ಲು ಇಳಿಯುತ್ತದೆ. ಕರೆಂಟು ನೆಟ್ಟಗಿರುವ ಕಡೆ ಮಾಡಿ. ನಮ್ಮೂರಲ್ಲಿ ಅದನ್ನು ನಂಬಿ ಕೂರುವ ಧೈರ್ಯ ನನಗಿಲ್ಲ.

ನಾಟಿ ಮಾಡಿ ಮೂರ್ನಾಲ್ಕು ವಾರಕ್ಕೆ ಕುಡಿ ಚಿವುಟುತ್ತೇನೆ. ಕವಲು ಸಾಕಷ್ಟು ಎದ್ದ ಮೇಲೆ ಬಲ್ಬು ಬಂದ್. ಅಲ್ಲಿಂದ ಸುಮಾರು ಎರಡು ತಿಂಗಳಿಗೆ ಕೊಯ್ಲು ಶುರು, ತಳಿ ನೋಡಿಕೊಂಡು ಹಿಂದೆ ಮುಂದೆ. ಆದ್ದರಿಂದ ದಸರಾ, ದೀಪಾವಳಿಯಿಂದ ಹಿಂದಕ್ಕೆ ಎಣಿಸಿ ಸ್ವಿಚ್ಚು ಆರಿಸುವುದು. ಊರೆಲ್ಲಾ ಅದೇ ಲೆಕ್ಕ ಹಾಕುತ್ತದಲ್ಲ, ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಹೂವೋ ಹೂವು! ಅದಕ್ಕೇ ನಾನು ಮಡಿಗಳಿಗೆ ಬೇರೆ ಬೇರೆ ಸ್ವಿಚ್ಚು ಇಟ್ಟು ಒಂದೊಂದು ವಾರ ಬಿಟ್ಟು ಆರಿಸುತ್ತೇನೆ.

ಆರಿಸಿದ ಎರಡು ವಾರಕ್ಕೆ ಒಂದು ಕುಡಿ ಕಿತ್ತು, ಎಳೆ ಎಲೆಗಳನ್ನು ಸೂಜಿಯಿಂದ ಒಂದೊಂದೇ ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿ. ಒಳಗಿನ ತುದಿ ಅಗಲವಾಗಿ ಗುಮ್ಮಟದಂತೆ ಉಬ್ಬಿದ್ದರೆ ಮೊಗ್ಗು ಕೂತಿದೆ. ಇನ್ನೂ ಕಿರಿದಾಗಿ, ಎಳೆ ಎಲೆಗಳನ್ನೇ ಹೊರಡಿಸುತ್ತಿದ್ದರೆ ಎಲ್ಲಿಂದಲೋ ಬೆಳಕು ಬೀಳುತ್ತಿದೆ ಅಂತ ತಿಳಿಯಿರಿ.

ನಮ್ಮಲ್ಲಿ ಆ ಬೆಳಕು ರಸ್ತೆ ಕಂಬದ್ದು. ಹೊಲವೆಲ್ಲಾ ಹಳದಿಯಾದರೂ ಕಂಬದ ಬುಡದ ಸಾಲುಗಳು ಹಚ್ಚಗೇ ನಿಂತಿದ್ದವು. ದೀಪಕ್ಕೆ ತಗಡಿನ ಮರೆ ಕಟ್ಟಿಸಿ ಅಂತ ಕೇಳಿ ಸಾಕಾಗಿ, ಈಗ ಅಲ್ಲಿ ಬದನೆ ಹಾಕಿದ್ದೇನೆ. ಅದಕ್ಕೆ ರಾತ್ರಿಯ ಉದ್ದ ಎಷ್ಟಿದ್ದರೂ ನಡೆಯುತ್ತದೆ.